ಹಳೇ ಪ್ರೋಗ್ರಾಂ, ಹೊಸ ಪ್ರಿಂಟರ್: ಚೀಟಿ ಯಾಕೆ ಬರಲ್ಲ, ಬರೋ ಹಾಗೆ ಮಾಡೋದು ಹೇಗೆ

ಸಂಕ್ರಾಂತಿ ಕಳೆದ ಮೇಲೆ ತುಮಕೂರಿನ ಮಾರುಕಟ್ಟೆಗೆ ಹೊಸ ಹುಣಸೆಹಣ್ಣು ಬರೋಕೆ ಶುರುವಾಗುತ್ತದೆ. ಆಗ ಮಂಡಿಗಳಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅಂಥ ಒಂದು ಬೆಳಿಗ್ಗೆ ಪರಿಚಯದ ಮಂಡಿಯಿಂದ ಫೋನ್ ಬಂತು. "ಸಾರ್, ಡಾಟ್ ಮ್ಯಾಟ್ರಿಕ್ಸ್ ಕೆಟ್ಟೋಯ್ತು ಅಂತ ಲೇಸರ್ ಪ್ರಿಂಟರ್ ತಂದ್ವಿ. ವರ್ಡ್‌ನಿಂದ ಚೆನ್ನಾಗಿ ಬರುತ್ತೆ. ನಮ್ಮ ಲೆಕ್ಕದ ಪ್ರೋಗ್ರಾಂನಿಂದ ಮಾತ್ರ ಏನೂ ಬರ್ತಿಲ್ಲ. ರೈತರು ಚೀಟಿಗೆ ಕಾಯ್ತಾ ಕೂತಿದ್ದಾರೆ, ಬೇಗ ಬನ್ನಿ."

ಹೋಗಿ ನೋಡಿದೆ. 1990ರ ದಶಕದಲ್ಲಿ ಫಾಕ್ಸ್‌ಪ್ರೋ ಅನ್ನೋ ಡೇಟಾಬೇಸ್ ಭಾಷೆಯಲ್ಲಿ ಬರೆಸಿದ ಡಾಸ್ ಪ್ರೋಗ್ರಾಂ. ಡಾಸ್ ಅಂದರೆ ವಿಂಡೋಸ್‌ಗೂ ಮುಂಚೆ ಕಂಪ್ಯೂಟರ್ ನಡೆಸುತ್ತಿದ್ದ ವ್ಯವಸ್ಥೆ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಬೇಕೇ ಇಲ್ಲ. ಗುಮಾಸ್ತರು ಕೀಬೋರ್ಡ್ ಕಡೆ ನೋಡದೆಯೇ ರೈತರ ಹೆಸರು, ಮೂಟೆ, ತೂಕ, ದರ, ಹಮಾಲಿ, ಮುಂಗಡ ಎಲ್ಲ ಹೊಡೆದು ಅರ್ಧ ನಿಮಿಷದಲ್ಲಿ ಒಂದು ಚೀಟಿ ಮುಗಿಸುತ್ತಾರೆ. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಾಲದ ಲೆಕ್ಕ ಅದರೊಳಗಿದೆ. ಬರೆದುಕೊಟ್ಟ ಹುಡುಗ ಊರು ಬಿಟ್ಟು ಎಷ್ಟೋ ವರ್ಷವಾಯಿತು.

"ಇದನ್ನ ಕಿತ್ತುಹಾಕಿ ಹೊಸದು ಹಾಕಿಸಿ" ಅಂತ ನೋಡಿದವರೆಲ್ಲ ಹೇಳುತ್ತಾರೆ. ನಾನು ಹಾಗೆ ಹೇಳಲ್ಲ. ಲೆಕ್ಕ ಸರಿಯಾಗಿ ಮಾಡುತ್ತಿರುವ ಪ್ರೋಗ್ರಾಂ ಅದು. ಚೀಟಿ ಬರಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅದನ್ನು ಎಸೆಯಬೇಕಿಲ್ಲ. ಆದರೆ ಯಾಕೆ ಬರುತ್ತಿಲ್ಲ ಅನ್ನೋದು ಗೊತ್ತಾಗದೆ ಸುಮ್ನೆ ಕೇಬಲ್ಲು, ಕಾರ್ಡು, ಇನ್ನೊಂದು ಪ್ರಿಂಟರು ಅಂತ ದುಡ್ಡು ಹಾಕಬಾರದು. ಅದಕ್ಕೇ ಮೊದಲು ಒಳಗೆ ಏನು ನಡೆಯುತ್ತದೆ ಅಂತ ನೋಡೋಣ.

ಶಾಲೆಯಲ್ಲಿ ಉಕ್ತಲೇಖನ ಬರೆದಿದ್ದು ನೆನಪಿದೆ ಅಲ್ವಾ? ಮೇಷ್ಟ್ರು ಬಾಯಲ್ಲಿ ಹೇಳುತ್ತಾರೆ, ಮಕ್ಕಳು ಕೇಳಿಸಿಕೊಂಡು ಬರೆಯುತ್ತಾರೆ. ಅಕ್ಷರದ ಆಕಾರ ಮಕ್ಕಳಿಗೆ ಗೊತ್ತಿರುತ್ತದೆ, ಮೇಷ್ಟ್ರು ಬರೆದು ತೋರಿಸಬೇಕಿಲ್ಲ. ಡಾಸ್ ಕಾಲದ ಪ್ರಿಂಟಿಂಗ್ ಬಹುಪಾಲು ಹೀಗೇ ಇತ್ತು. ಪ್ರೋಗ್ರಾಂ ಒಂದೊಂದೇ ಅಕ್ಷರದ ನಂಬರ್ ಹೇಳುತ್ತಿತ್ತು. ದೊಡ್ಡ ಎ ಅಂದರೆ 65, ಬಿ ಅಂದರೆ 66. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಆ ನಂಬರ್ ಕೇಳಿ ತನ್ನೊಳಗೇ ಇರುವ ಅಕ್ಷರವನ್ನು 9 ಪಿನ್ನುಗಳಿಂದ ರಿಬ್ಬನ್ ಮೇಲೆ ಕುಟ್ಟಿ ಬರೆಯುತ್ತಿತ್ತು.

"ಇಲ್ಲಿಂದ ದಪ್ಪಗೆ ಬರಿ", "ಇಲ್ಲಿಂದ ಒತ್ತೊತ್ತಾಗಿ ಬರಿ" ಅಂತ ಹೇಳೋಕೂ ನಂಬರೇ. 15 ಬಂದರೆ ಸಣ್ಣ ಒತ್ತಕ್ಷರ ಶುರು, 18 ಬಂದರೆ ಮತ್ತೆ ಮಾಮೂಲು, 12 ಬಂದರೆ ಈ ಹಾಳೆ ಮುಗಿಯಿತು, ಮುಂದಿನ ಹಾಳೆಗೆ ಹೋಗು. 27 ಅನ್ನೋದು ಎಸ್ಕೇಪ್. "ಮುಂದೆ ಬರೋದು ಅಕ್ಷರ ಅಲ್ಲ, ಆಜ್ಞೆ" ಅಂತ ಎಚ್ಚರಿಸುವ ನಂಬರ್ ಅದು. 27 ಆಮೇಲೆ 69 ಬಂದರೆ ದಪ್ಪ ಅಕ್ಷರ, 27 ಆಮೇಲೆ 70 ಬಂದರೆ ದಪ್ಪ ಸಾಕು. ಇದು ಎಪ್ಸನ್ ಕಂಪನಿ ರೂಢಿಗೆ ತಂದ ಭಾಷೆ, ಇಎಸ್‌ಸಿ/ಪಿ ಅಂತ ಹೆಸರು. ಬೇರೆ ಕಂಪನಿಗಳೂ ಅದನ್ನೇ ಹಿಡಿದವು. ನಮ್ಮ ತುಮಕೂರಿನಲ್ಲೇ ತಯಾರಾಗುತ್ತಿದ್ದ ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್‌ಗೂ ಈ ಭಾಷೆ ಬರುತ್ತದೆ. ಹಾಗಾಗಿ ಆಗ ಪ್ರೋಗ್ರಾಂ ಬರೆದವರು ಈ ನಂಬರ್‌ಗಳನ್ನು ನೇರವಾಗಿ ಪ್ರೋಗ್ರಾಂ ಒಳಗೇ ಸೇರಿಸಿಬಿಟ್ಟರು.

ಈಗಿನ ಕಡಿಮೆ ಬೆಲೆಯ ಲೇಸರ್ ಪ್ರಿಂಟರ್‌ಗೆ ಬನ್ನಿ. ಅದಕ್ಕೆ ಅಕ್ಷರವೇ ಗೊತ್ತಿಲ್ಲ. ಯಾವ ಜಾಗದಲ್ಲಿ ಕಪ್ಪು ಚುಕ್ಕಿ ಇಡಬೇಕು ಅನ್ನೋದು ಮಾತ್ರ ಗೊತ್ತು. ನೀವು ವರ್ಡ್‌ನಲ್ಲಿ ಪ್ರಿಂಟ್ ಕೊಟ್ಟಾಗ ವಿಂಡೋಸ್ ಮತ್ತು ಪ್ರಿಂಟರ್ ಡ್ರೈವರ್ (ಆ ಪ್ರಿಂಟರ್‌ಗೆಂದೇ ಇರುವ ಸಾಫ್ಟ್‌ವೇರ್) ಸೇರಿಕೊಂಡು ಇಡೀ ಪುಟವನ್ನು ಚಿತ್ರದ ಹಾಗೆ ಬಿಡಿಸಿ ಕಳಿಸುತ್ತವೆ. ಪ್ರಿಂಟರ್ ಆ ಚಿತ್ರವನ್ನು ಹಾಳೆಗೆ ಇಳಿಸುತ್ತದೆ, ಅಷ್ಟೇ ಕೆಲಸ. ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ನಮ್ಮ ಕಡೆ ಎಷ್ಟೋ ಅಂಗಡಿ, ಆಫೀಸುಗಳಲ್ಲಿವೆ. ಎರಡೂ ಇದೇ ಜಾತಿಯವು. ಅವು ಕೆಟ್ಟ ಪ್ರಿಂಟರ್ ಅಲ್ಲ, ಅವನ್ನು ಮಾಡಿರೋದೇ ವಿಂಡೋಸ್ ಬಿಡಿಸಿಕೊಟ್ಟ ಚಿತ್ರಕ್ಕೆ. ಇವಕ್ಕೆ ಹಳೇ ಪ್ರೋಗ್ರಾಂ 65, 66 ಅಂತ ಹೇಳುತ್ತಾ ಹೋದರೆ ಕೇಳಿಸಿಕೊಳ್ಳೋ ಕಿವಿಯೇ ಇಲ್ಲ. ಲೈಟ್ ಒಂದು ಸಲ ಮಿಣುಕಬಹುದು, ಹಾಳೆ ಮಾತ್ರ ಬರಲ್ಲ.

ಇದು ಭಾಷೆಯ ತೊಂದರೆ. ಇನ್ನೊಂದು ಬಾಗಿಲಿನ ತೊಂದರೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಳೇ ಪ್ರೋಗ್ರಾಂಗೆ ಪ್ರಿಂಟರ್ ಅಂದರೆ ಎಲ್‌ಪಿಟಿ1. ಕಂಪ್ಯೂಟರ್ ಹಿಂದೆ ಇರುತ್ತಿದ್ದ 25 ತೂತಿನ ಅಗಲವಾದ ಸಾಕೆಟ್ಟು, ಪ್ಯಾರಲಲ್ ಪೋರ್ಟ್ ಅಂತಲೂ ಕರೆಯುತ್ತಾರೆ. ಕೆಲವು ಪ್ರೋಗ್ರಾಂಗಳು ಡಾಸ್‌ಗೆ "ಇದನ್ನು ಎಲ್‌ಪಿಟಿ1ಕ್ಕೆ ಕೊಡು" ಅಂತ ಹೇಳುತ್ತವೆ. ಇನ್ನು ಕೆಲವು ಡಾಸನ್ನೂ ಕೇಳದೆ ಆ ಪೋರ್ಟಿನ ವಿಳಾಸಕ್ಕೇ, ಹೆಕ್ಸ್ ಲೆಕ್ಕದಲ್ಲಿ 378ಕ್ಕೆ, ನೇರ ಬರೆಯುತ್ತವೆ. ಈಗಿನ ಕಂಪ್ಯೂಟರ್‌ಗಳಲ್ಲಿ ಆ ಸಾಕೆಟ್ಟೇ ಇಲ್ಲ, ಎಲ್ಲ ಯುಎಸ್‌ಬಿ. ಮಂಡಿಯವರು ಆಗಲೇ ಒಂದು ಯುಎಸ್‌ಬಿ ಟು ಪ್ಯಾರಲಲ್ ಕೇಬಲ್ ತಂದಿಟ್ಟಿದ್ದರು. ಅಂಗಡಿಯವರು "ಇದು ಹಾಕಿದ್ರೆ ಸರಿಹೋಗುತ್ತೆ" ಅಂದರಂತೆ. ತುಂಬಾ ಜನ ಇಲ್ಲೇ ಎಡವುತ್ತಾರೆ. ಆ ಕೇಬಲ್ ಹಾಕಿದರೆ ಎಲ್‌ಪಿಟಿ1 ಹುಟ್ಟಲ್ಲ. ವಿಂಡೋಸ್ ಅದನ್ನು ಯುಎಸ್‌ಬಿ001 ಅನ್ನೋ ಹೆಸರಿನ ಪ್ರಿಂಟರ್ ಪೋರ್ಟ್ ಆಗಿ ನೋಡುತ್ತದೆ. ಹಳೇ ಪ್ಯಾರಲಲ್ ಪ್ರಿಂಟರನ್ನು ಹೊಸ ಕಂಪ್ಯೂಟರ್‌ಗೆ ಸೇರಿಸೋಕೆ ಆ ಕೇಬಲ್ ಸರಿ. ಆದರೆ ಡಾಸ್ ಪ್ರೋಗ್ರಾಂ ಹುಡುಕೋ ಬಾಗಿಲು ಅದಲ್ಲ.

ಬಾಗಿಲು ಮಾಡಿಕೊಡೋಕೆ ವಿಂಡೋಸ್‌ನಲ್ಲೇ ದಾರಿ ಇದೆ, ದುಡ್ಡು ಕೊಡಬೇಕಿಲ್ಲ. ಪ್ರಿಂಟರನ್ನು ಶೇರ್ ಮಾಡಿ, ಜಾಗ ಬಿಡದ ಚಿಕ್ಕ ಹೆಸರು ಕೊಡಿ. ಆಮೇಲೆ ಕಮಾಂಡ್ ಪರದೆಯಲ್ಲಿ (ಕಮಾಂಡ್ ಪ್ರಾಂಪ್ಟ್) ನೆಟ್ ಯೂಸ್ (net use) ಅನ್ನೋ ಕಮಾಂಡ್ ಬರೆದು, ಅದರ ಮುಂದೆ ಎಲ್‌ಪಿಟಿ1, ಅದರ ಮುಂದೆ ಎರಡು ಹಿಂಗೆರೆ (ಬ್ಯಾಕ್‌ಸ್ಲ್ಯಾಷ್, \) ಹಾಕಿ ಕಂಪ್ಯೂಟರ್ ಹೆಸರು, ಮತ್ತೊಂದು ಹಿಂಗೆರೆ, ಶೇರ್ ಮಾಡಿದ ಪ್ರಿಂಟರ್ ಹೆಸರು. ಕೊನೆಗೆ ಪರ್ಸಿಸ್ಟೆಂಟ್ ಯೆಸ್ (/persistent:yes) ಅಂತ ಸೇರಿಸಿದರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಾಗಲೂ ನೆನಪಿರುತ್ತದೆ. ಇಷ್ಟಾದರೆ ಡಾಸ್ ಮೂಲಕ ಎಲ್‌ಪಿಟಿ1ಕ್ಕೆ ಹೋಗುವ ಮಾತೆಲ್ಲ ಯುಎಸ್‌ಬಿ ಪ್ರಿಂಟರ್‌ಗೆ ತಿರುಗುತ್ತದೆ.

ಆದರೆ ಇದು ಬಾಗಿಲು ಮಾತ್ರ. ಮಾತು ಹೇಗೆ ಬಂತೋ ಹಾಗೇ ಆಚೆ ಹೋಗುತ್ತದೆ, ಅನುವಾದ ಆಗಲ್ಲ. ಆಚೆ ಕಡೆ ಯುಎಸ್‌ಬಿ ಇರುವ ಹೊಸ ಡಾಟ್ ಮ್ಯಾಟ್ರಿಕ್ಸ್ ಇದ್ದರೆ ಚೀಟಿ ತಕ್ಷಣ ಬರುತ್ತದೆ. ಚಿತ್ರ ಮಾತ್ರ ಗೊತ್ತಿರುವ ಲೇಸರ್ ಇದ್ದರೆ ಬಾಗಿಲು ತೆರೆದೂ ಪ್ರಯೋಜನವಿಲ್ಲ.

ನಿಮ್ಮದು ಯಾವ ತೊಂದರೆ ಅಂತ ತಿಳಿಯೋಕೆ ಒಂದು ಪರೀಕ್ಷೆ ಇದೆ. ನೋಟ್‌ಪ್ಯಾಡ್‌ನಲ್ಲಿ ಇಂಗ್ಲಿಷಿನ ಎರಡು ಸಾಲು ಬರೆದು ಉಳಿಸಿ. ಅದನ್ನು ನೋಟ್‌ಪ್ಯಾಡ್‌ನಿಂದ ಪ್ರಿಂಟ್ ಕೊಡಬೇಡಿ, ಅದು ಡ್ರೈವರ್ ಮೂಲಕ ಹೋಗುತ್ತದೆ. ಕಮಾಂಡ್ ಪರದೆಯಲ್ಲಿ ಕಾಪಿ ಕಮಾಂಡ್ ಬಳಸಿ, ಸ್ಲ್ಯಾಷ್ ಬಿ (/b) ಸೇರಿಸಿ, ಶೇರ್ ಮಾಡಿದ ಪ್ರಿಂಟರ್‌ಗೆ ನೇರ ಕಳಿಸಿ. ಸ್ಲ್ಯಾಷ್ ಬಿ ಮರೆಯಬಾರದು, ಅದಿದ್ದರೆ ವಿಶೇಷ ನಂಬರ್‌ಗಳೂ ಇದ್ದಹಾಗೇ ದಾಟುತ್ತವೆ. ಸಾಲುಗಳು ಹಾಳೆಗೆ ಬಂದರೆ ಪ್ರಿಂಟರ್‌ಗೆ ಅಕ್ಷರ ಗೊತ್ತು ಅಂತ ಅರ್ಥ. ಹಾಳೆ ಬರದೆ ಲೈಟ್ ಮಾತ್ರ ಮಿಣುಕುತ್ತಿದ್ದರೆ ತಕ್ಷಣ ಕೈಬಿಡಬೇಡಿ. ಲೇಸರ್ ಪ್ರಿಂಟರ್ ಒಂದು ಪುಟ ತುಂಬುವ ತನಕ ಅಥವಾ ಆ 12ನೇ ನಂಬರ್ ಬರುವ ತನಕ ಕಾಯುತ್ತದೆ. ಅದರ ಮೇಲಿನ ಬಟನ್ ಒತ್ತಿ ನೋಡಿ. ಆಗಲೂ ಬರದಿದ್ದರೆ ಅದು ಚಿತ್ರದ ಜಾತಿಯದೇ ಇರಬೇಕು.

ನಡುವೆ ಇನ್ನೊಂದು ಜಾತಿಯೂ ಇದೆ. ಆಫೀಸಿನ ದೊಡ್ಡ ಲೇಸರ್‌ಗಳಿಗೆ ಪಿಸಿಎಲ್ ಅನ್ನೋ ಎಚ್‌ಪಿ ಭಾಷೆ ಬರುತ್ತದೆ. ಅವು ಬರೀ ಅಕ್ಷರವನ್ನು ಸರಿಯಾಗಿ ಬರೆಯುತ್ತವೆ, ಆದರೆ ಆಜ್ಞೆ ಬೇರೆ. ಎಪ್ಸನ್ ಭಾಷೆಯಲ್ಲಿ 27, 69 ಅಂದರೆ ದಪ್ಪ ಅಕ್ಷರ ಅಂದೆನಲ್ಲ, ಪಿಸಿಎಲ್‌ನಲ್ಲಿ ಅದೇ ಎರಡು ನಂಬರ್‌ಗೆ "ಎಲ್ಲ ಬಿಟ್ಟು ಹೊಸದಾಗಿ ಶುರು ಮಾಡು" ಅಂತ ಅರ್ಥ. ಆಗ ಅದು ಅಲ್ಲಿವರೆಗೆ ಬರೆದ ಹಾಳೆಯನ್ನು ಹೊರಗೆ ಹಾಕುತ್ತದೆ. ಚೀಟಿಯಲ್ಲಿ ಮಂಡಿ ಹೆಸರು ದಪ್ಪಗೆ, ಒಟ್ಟು ಮೊತ್ತ ದಪ್ಪಗೆ ಇದ್ದರೆ ಒಂದು ಚೀಟಿ ಎರಡು ಮೂರು ಹಾಳೆಯಾಗಿ ಬರಬಹುದು. ಪ್ರಿಂಟರ್‌ಗೆ ಹುಚ್ಚು ಹಿಡಿದಿಲ್ಲ, ಅದು ತನಗೆ ಗೊತ್ತಿರುವ ಭಾಷೆಯಲ್ಲಿ ಹೇಳಿದ್ದನ್ನೇ ಮಾಡುತ್ತಿದೆ.

ಇದರ ಜೊತೆಗೆ ವಿಂಡೋಸ್‌ನದ್ದೇ ಒಂದು ಕಥೆ. 32 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂ ಓಡಿಸೋಕೆ ಎನ್‌ಟಿವಿಡಿಎಂ ಅನ್ನೋ ಭಾಗ ಇತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದು ಇಲ್ಲ. 2021ರಲ್ಲಿ ಬಂದ ವಿಂಡೋಸ್ 11 ಅಂತೂ 64 ಬಿಟ್ ಮಾತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲು ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಇಷ್ಟು ದಿನ ಹಳೇ ಕಂಪ್ಯೂಟರಿನಲ್ಲಿ ತಳ್ಳಿಕೊಂಡು ಬಂದವರಿಗೆಲ್ಲ ಈಗ ಒಟ್ಟಿಗೇ ತಲೆನೋವು ಶುರುವಾಗಿರೋದು ಇದಕ್ಕೇ. ಹೊಸ ಕಂಪ್ಯೂಟರ್‌ನಲ್ಲಿ ಪ್ರಿಂಟ್ ಹಾಗಿರಲಿ, ಪ್ರೋಗ್ರಾಂ ಶುರುವೇ ಆಗಲ್ಲ.

ಪ್ರೋಗ್ರಾಂ ಶುರುವಾಗದ ತೊಂದರೆಗೂ ಪ್ರಿಂಟ್ ಬರದ ತೊಂದರೆಗೂ ಮದ್ದು ಒಂದೇ ಕಡೆ ಸಿಗುತ್ತದೆ. ಕಂಪ್ಯೂಟರ್ ಒಳಗೇ ಒಂದು ಡಾಸ್ ಕಂಪ್ಯೂಟರ್ ಇದ್ದಹಾಗೆ ನಟಿಸುವ ಸಾಫ್ಟ್‌ವೇರ್‌ಗಳಿವೆ. ಡಾಸ್‌ಬಾಕ್ಸ್ ಎಲ್ಲರಿಗೂ ಗೊತ್ತು. ಆದರೆ ಅದನ್ನು ಮಾಡಿದ್ದು ಹಳೇ ಆಟ ಆಡೋಕೆ, ಮಂಡಿ ಲೆಕ್ಕಕ್ಕೆ ನಾನು ಅದನ್ನು ಹಾಕಲ್ಲ. ಅದರಿಂದಲೇ ಬೆಳೆದ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಪ್ರಿಂಟಿಂಗ್ ಇದೆ. ವಿಡಾಸ್ ಅನ್ನೋದಂತೂ ಇಂಥ ಲೆಕ್ಕಪತ್ರದ ಪ್ರೋಗ್ರಾಂಗಳಿಗೆಂದೇ ಮಾಡಿದ್ದು. ಮಂಡಿಯಲ್ಲಿ ನಾನು ಹಾಕಿದ್ದು ಅದನ್ನೇ. ಎಲ್‌ಪಿಟಿ1 ಅದರೊಳಗೇ ಇರುತ್ತದೆ, ಹಾಗಾಗಿ ಪ್ರೋಗ್ರಾಂಗೆ ಬಾಗಿಲು ಸಿಗುತ್ತದೆ. ಬಂದ ಅಕ್ಷರಗಳನ್ನೂ ಎಪ್ಸನ್ ಆಜ್ಞೆಗಳನ್ನೂ ಅದು ಓದಿ ಅರ್ಥಮಾಡಿಕೊಂಡು, ವಿಂಡೋಸ್ ಫಾಂಟ್‌ನಲ್ಲಿ ಪುಟ ಬಿಡಿಸಿ, ಡ್ರೈವರ್‌ಗೆ ಕೊಡುತ್ತದೆ. ಅಂದರೆ ಮೇಷ್ಟ್ರು ಹೇಳಿದ್ದನ್ನು ಕೇಳಿ ಬರೆದು, ಬರೆದ ಹಾಳೆಯನ್ನು ಅಕ್ಷರ ಬಾರದವನ ಕೈಗೆ ಕೊಡುವ ದುಭಾಷಿ. ಹಳೇ ಕಂಪ್ಯೂಟರ್‌ನಲ್ಲೇ ಪ್ರೋಗ್ರಾಂ ಓಡುತ್ತಿದ್ದು ಪ್ರಿಂಟ್ ಮಾತ್ರ ಸಮಸ್ಯೆ ಆಗಿದ್ದರೆ ಪ್ರಿಂಟ್‌ಫಿಲ್, ಡಾಸ್2ಯುಎಸ್‌ಬಿ ಥರದವು ಈ ದುಭಾಷಿ ಕೆಲಸವನ್ನು ಮಾತ್ರ ಮಾಡುತ್ತವೆ, ಅವಕ್ಕೆ ದುಡ್ಡು ಕೊಡಬೇಕು.

ಹಾಕಿ ಮುಗಿಸಿದ ತಕ್ಷಣ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ನಿಜವಾದ ಕೆಲಸ ಆಮೇಲೆ ಇರುತ್ತದೆ.

ಮಂಡಿಯಲ್ಲಿ ಮೊದಲ ಚೀಟಿ ಬಂದಾಗ ಗೆರೆಗಳ ಜಾಗದಲ್ಲಿ ತಲೆ ಮೇಲೆ ಎರಡು ಚುಕ್ಕಿ ಇರುವ ಇಂಗ್ಲಿಷ್ ಎ ಅಕ್ಷರ ಸಾಲಾಗಿ ಬಂತು. ಡಾಸ್ ಕಾಲದ ಅಕ್ಷರಪಟ್ಟಿ, ಅಂದರೆ ಕೋಡ್ ಪೇಜ್ 437ರಲ್ಲಿ 196 ಅಂದರೆ ಅಡ್ಡಗೆರೆ. ವಿಂಡೋಸ್ ಪಟ್ಟಿಯಲ್ಲಿ 196 ಅಂದರೆ ಆ ಚುಕ್ಕಿ ಎ. ಕೋಡ್ ಪೇಜ್ 437 ಅಂತ ಬದಲಿಸಿದ ಮೇಲೆ ಗೆರೆ ಸರಿಯಾಯಿತು. ಫಾಂಟ್ ಕೂಡ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವಂಥದ್ದೇ ಬೇಕು, ಕೊರಿಯರ್ ನ್ಯೂ ಅಥವಾ ಕನ್ಸೋಲಾಸ್. ಬೇರೆ ಫಾಂಟ್ ಹಾಕಿದರೆ ರೂಪಾಯಿ ಕಾಲಂ ಒಂದರ ಕೆಳಗೆ ಒಂದು ಕೂರದೆ ಓಲಾಡುತ್ತದೆ.

ಆಮೇಲೆ ಬಂದ ತೊಂದರೆ ಹಾಳೆಯ ಉದ್ದದ್ದು. ಇದಕ್ಕೆ ನನಗೆ ಜಾಸ್ತಿ ಹೊತ್ತು ಹಿಡಿಯಿತು, ಆದರೆ ಲೆಕ್ಕ ಸುಲಭ. ಮಂಡಿಯಲ್ಲಿ ಬಳಸುತ್ತಿದ್ದ ತೂತಿನ ಪೇಪರ್ 12 ಇಂಚು ಉದ್ದ. ಇಂಚಿಗೆ 6 ಸಾಲು, ಅಂದರೆ ಹಾಳೆಗೆ 72 ಸಾಲು. ಪ್ರೋಗ್ರಾಂ ಇದನ್ನು ನಂಬಿಕೊಂಡು ಸಾಲು ಎಣಿಸುತ್ತದೆ. ಎ4 ಹಾಳೆ ಸುಮಾರು 11.7 ಇಂಚು. ಲೆಕ್ಕಕ್ಕೆ 70 ಸಾಲು, ಅದರಲ್ಲೂ ಲೇಸರ್ ಪ್ರಿಂಟರ್ ಮೇಲೆ ಕೆಳಗೆ ಸ್ವಲ್ಪ ಜಾಗ ಬಿಡಲೇಬೇಕು. ಹಾಗಾಗಿ ದಿನದ ವರದಿಯ ಕೊನೇ ಮೂರ್ನಾಲ್ಕು ಸಾಲು ಮುಂದಿನ ಹಾಳೆಗೆ ಬೀಳುತ್ತಿತ್ತು. ಆ ಕೊನೇ ಸಾಲುಗಳಲ್ಲೇ ಒಟ್ಟು ಮೊತ್ತ ಇರೋದು! ಸಾಹುಕಾರರು ಮೊದಲ ಹಾಳೆ ನೋಡಿ "ಟೋಟಲ್ಲೇ ಇಲ್ವಲ್ಲಪ್ಪಾ" ಅಂದರು. ಸಾಲುಗಳ ನಡುವಿನ ಅಂತರ ಕಡಿಮೆ ಮಾಡಿ ಇಂಚಿಗೆ 7 ಸಾಲಿನ ಹತ್ತಿರ ತಂದ ಮೇಲೆ 72 ಸಾಲೂ ಒಂದೇ ಹಾಳೆಯಲ್ಲಿ ಕೂತವು.

ಅಗಲದ್ದೂ ಹೀಗೇ. ಒತ್ತಕ್ಷರದಲ್ಲಿ ಇಂಚಿಗೆ ಸುಮಾರು 17 ಅಕ್ಷರ. 132 ಕಾಲಂನ ವರದಿಗೆ 7.7 ಇಂಚು ಬೇಕು. ಎ4 ಅಗಲ 8.27 ಇಂಚು. ಎಡ ಬಲ ಅಂಚು ಕಾಲು ಇಂಚಿನಷ್ಟೇ ಇಟ್ಟರೆ ಹಿಡಿಯುತ್ತದೆ, ಅರ್ಧ ಇಂಚು ಇಟ್ಟರೆ ಕೊನೇ ಕಾಲಂ ಹೊರಗೆ ಹೋಗುತ್ತದೆ. ವಯಸ್ಸಾದವರು ಓದಬೇಕಾದ ವರದಿ ಆದರೆ ಹಾಳೆ ಅಡ್ಡ ಮಾಡಿ ದೊಡ್ಡದಾಗಿ ಹಾಕಿಕೊಡಿ.

ಇನ್ನೊಂದು ದೂರು ಎಲ್ಲ ಕಡೆ ಕೇಳುತ್ತೇನೆ. "ಪ್ರಿಂಟ್ ಕೊಟ್ಟಾಗ ಬರಲ್ಲ, ಪ್ರೋಗ್ರಾಂ ಮುಚ್ಚಿದ ಮೇಲೆ ಎಲ್ಲ ಚೀಟಿ ಒಟ್ಟಿಗೇ ಬರ್ತವೆ." ಹಳೇ ಪೋರ್ಟ್‌ನಲ್ಲಿ ಚೀಟಿ ಮುಗಿಯಿತು ಅಂತ ಹೇಳೋ ಪದ್ಧತಿಯೇ ಇರಲಿಲ್ಲ. ನಲ್ಲಿ ನೀರಿನ ಹಾಗೆ ಅಕ್ಷರ ಹರಿದು ಬರುತ್ತಿತ್ತು, ಪ್ರಿಂಟರ್ ಬಂದದ್ದನ್ನು ಬರೆಯುತ್ತಿತ್ತು. ವಿಂಡೋಸ್‌ಗೆ ಹಾಗಲ್ಲ, ಒಂದು ಕೆಲಸ ಎಲ್ಲಿ ಮುಗಿಯಿತು ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಕಾಯುತ್ತಾ ಕೂರುತ್ತದೆ. 32 ಬಿಟ್ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಪಟ್ಟಿ) ಎಲ್‌ಪಿಟಿ ಟೈಮ್‌ಔಟ್ ಅಂತ ಒಂದು ಅಂಕಿ ಇದೆ, ಅದನ್ನು 2 ಅಥವಾ 3 ಸೆಕೆಂಡ್‌ಗೆ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತೀರಾ ಕಡಿಮೆ ಮಾಡಬೇಡಿ. ಪ್ರೋಗ್ರಾಂ ಲೆಕ್ಕ ಹಾಕೋಕೆ ಒಂದು ಕ್ಷಣ ನಿಂತರೂ ಚೀಟಿ ಎರಡು ತುಂಡಾಗುತ್ತದೆ. ಪ್ರೋಗ್ರಾಂನ ಮೂಲ ಬರಹ (ಸೋರ್ಸ್ ಕೋಡ್) ನಿಮ್ಮ ಹತ್ತಿರ ಇದ್ದರೆ ಇನ್ನೂ ಒಳ್ಳೇದು. ಫಾಕ್ಸ್‌ಪ್ರೋದಲ್ಲಿ ಚೀಟಿ ಮುಗಿದ ಜಾಗದಲ್ಲಿ ಸೆಟ್ ಪ್ರಿಂಟರ್ ಟು ಅಂತ ಒಂದು ಸಾಲು ಸೇರಿಸಿದರೆ ಅದೇ ಮುಕ್ತಾಯದ ಗುರುತು.

ಈಗ ಕಾರ್ಬನ್ ಕಾಪಿ ವಿಷಯ. ರೈತರಿಗೆ ಒಂದು, ಖರೀದಿದಾರರಿಗೆ ಒಂದು, ಮಂಡಿಗೆ ಒಂದು. ಡಾಟ್ ಮ್ಯಾಟ್ರಿಕ್ಸ್ ಪಿನ್ನು ಕುಟ್ಟುವ ಏಟಿಗೆ ಮೂರೂ ಹಾಳೆಯಲ್ಲಿ ಒಂದೇ ಸಲ ಅಚ್ಚು ಬೀಳುತ್ತದೆ. ಲೇಸರ್ ಕುಟ್ಟಲ್ಲ, ಪುಡಿಯನ್ನು ಬಿಸಿ ಮಾಡಿ ಅಂಟಿಸುತ್ತದೆ. ಕಾರ್ಬನ್ ಇಟ್ಟರೆ ಪ್ರಿಂಟರೇ ಹಾಳಾಗುತ್ತದೆ. ಮೂರು ಸಲ ಪ್ರಿಂಟ್ ಕೊಡಬಹುದು. ಆದರೆ ಮೂರೂ ಒಂದೇ ಏಟಿಗೆ ಬಂದದ್ದು ಅನ್ನೋದರಲ್ಲಿ ಒಂದು ನಂಬಿಕೆ ಇದೆ. ಒಂದರಲ್ಲಿ ತೂಕ ಒಂದು, ಇನ್ನೊಂದರಲ್ಲಿ ಇನ್ನೊಂದು ಇರೋಕೆ ಸಾಧ್ಯವಿಲ್ಲ ಅನ್ನೋದು ರೈತರಿಗೂ ಗೊತ್ತು. ಅದಕ್ಕೇ ಚೀಟಿಗೆ ಡಾಟ್ ಮ್ಯಾಟ್ರಿಕ್ಸೇ ಇರಲಿ ಅಂತ ನಾನು ಸಾಹುಕಾರರಿಗೆ ಹೇಳಿದೆ. ಈಗಲೂ ಹೊಸದು ಸಿಗುತ್ತವೆ. ಎಪ್ಸನ್ ಎಲ್‌ಎಕ್ಸ್-310 ಥರದ್ದರಲ್ಲಿ ಹಳೇ ಪ್ಯಾರಲಲ್ ಸಾಕೆಟ್ಟೂ ಇದೆ, ಯುಎಸ್‌ಬಿಯೂ ಇದೆ. ಲೇಸರ್‌ಗಿಂತ ದುಬಾರಿ ಅನ್ನಿಸಬಹುದು, ಆದರೆ ರಿಬ್ಬನ್ ಅಗ್ಗ, ಧೂಳಿಗೂ ಅಷ್ಟಾಗಿ ಜಗ್ಗಲ್ಲ.

ಕನ್ನಡದಲ್ಲಿ ಚೀಟಿ ಕೊಡುತ್ತಿದ್ದ ಪ್ರೋಗ್ರಾಂಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಇವನ್ನು ಉಳಿಸಿಕೊಳ್ಳೋದು ಹೆಚ್ಚು ಮುಖ್ಯ ಅಂತ ನನ್ನ ಅನಿಸಿಕೆ. ಡಾಸ್ ಕಾಲದಲ್ಲಿ ಪುಣೆಯ ಸಿ-ಡ್ಯಾಕ್ ಅನ್ನೋ ಸರ್ಕಾರಿ ಸಂಸ್ಥೆಯವರ ಜಿಸ್ಟ್ ಕಾರ್ಡನ್ನು ಕಂಪ್ಯೂಟರ್ ಒಳಗೆ ಹಾಕಿ ಕನ್ನಡ ಬರಿಸುತ್ತಿದ್ದರು. ಅಕ್ಷರಗಳನ್ನು ಇಡುತ್ತಿದ್ದದ್ದು ಇಸ್ಕಿ ಅನ್ನೋ ಪಟ್ಟಿಯಲ್ಲಿ, 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಅದರಲ್ಲಿ ಬ್ರಾಹ್ಮಿಯಿಂದ ಬಂದ ಭಾರತೀಯ ಲಿಪಿಗಳಿಗೆಲ್ಲ ಒಂದೇ ನಂಬರ್. ಕನ್ನಡದ ಕ, ತೆಲುಗಿನ ಕ, ಹಿಂದಿಯ ಕ, ಮೂರೂ 179. ಕೋಡ್ ಪೇಜ್ 437ರಲ್ಲಿ ಅದೇ 179 ಅಂದರೆ ಉದ್ದಗೆರೆ. ಅದಕ್ಕೇ ಅಂಥ ಫೈಲನ್ನು ಈಗ ತೆರೆದರೆ ಊರಿನ ಹೆಸರು, ರೈತರ ಹೆಸರು ಎಲ್ಲ ಗೆರೆ, ಚೌಕ, ವಿಚಿತ್ರ ಗುರುತಾಗಿ ಕಾಣುತ್ತದೆ. ನೋಡಿದವರು ಫೈಲ್ ಹಾಳಾಗಿದೆ ಅಂತ ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಹಾಳಾಗಿಲ್ಲ, ಓದೋ ಪಟ್ಟಿ ಬೇರೆ, ಅಷ್ಟೇ. ಈಗ ಎಲ್ಲ ಕಡೆ ಬಳಸುವ ಅಕ್ಷರಪಟ್ಟಿ ಯೂನಿಕೋಡ್. ಅದರ ಕನ್ನಡ ಭಾಗವನ್ನು ಜೋಡಿಸಿದ್ದೇ ಇಸ್ಕಿಯ ಕ್ರಮವನ್ನು ಆಧರಿಸಿ, ಹಾಗಾಗಿ ನಂಬರ್‌ಗೆ ನಂಬರ್ ಹೊಂದಿಸಿ ಬದಲಿಸೋದು ಕಷ್ಟವಲ್ಲ.

ಪ್ರಿಂಟ್ ಮಾಡೋದು ಮಾತ್ರ ಇಲ್ಲಿ ಬೇರೆ ಥರ. ಡಾಟ್ ಮ್ಯಾಟ್ರಿಕ್ಸ್ ಒಳಗೆ ಕನ್ನಡ ಅಕ್ಷರ ಇರಲಿಲ್ಲವಲ್ಲ, ಹಾಗಾಗಿ ಕನ್ನಡವನ್ನು ಆಗಲೇ ಚುಕ್ಕಿ ಚಿತ್ರ ಮಾಡಿ ಕಳಿಸುತ್ತಿದ್ದರು. ಕೆಲವು ದುಭಾಷಿ ಸಾಫ್ಟ್‌ವೇರ್‌ಗಳಿಗೆ ಅಕ್ಷರದ ಆಜ್ಞೆ ಗೊತ್ತು, ಈ ಚುಕ್ಕಿಯ ಆಜ್ಞೆ ಗೊತ್ತಿಲ್ಲ. ದುಡ್ಡು ಕೊಡುವ ಮೊದಲು ನಿಮ್ಮದೇ ಒಂದು ಕನ್ನಡ ಚೀಟಿ ಹಾಕಿ ನೋಡಿ. ಬರಲಿಲ್ಲ ಅಂದರೆ ಡಾಟ್ ಮ್ಯಾಟ್ರಿಕ್ಸ್‌ಗೇ ನೇರ ಕಳಿಸಬೇಕು, ಇಲ್ಲಾ ಲೆಕ್ಕದ ಫೈಲ್‌ನಿಂದ ಮಾಹಿತಿ ತೆಗೆದು ಯೂನಿಕೋಡ್‌ನಲ್ಲಿ ಹೊಸ ಚೀಟಿ ಮಾಡಿಸಬೇಕು.

ಇದ್ಯಾವುದಕ್ಕೂ ಕೈ ಹಾಕುವ ಮೊದಲು ಪ್ರೋಗ್ರಾಂ ಇರುವ ಇಡೀ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಒಂದನ್ನು ಮನೆಯಲ್ಲಿಡಿ. ಫಾಕ್ಸ್‌ಪ್ರೋ ಲೆಕ್ಕ ಇರೋದು ಡಿಬಿಎಫ್ ಫೈಲ್‌ಗಳಲ್ಲಿ. ಅವನ್ನು ಲಿಬ್ರೆಆಫೀಸ್‌ನಲ್ಲೂ ತೆರೆದು ನೋಡಬಹುದು. ತೆರೆದು ನೋಡಿ, ಅಲ್ಲಿಂದಲೇ ಉಳಿಸೋಕೆ ಹೋಗಬೇಡಿ, ಹಳೇ ಪ್ರೋಗ್ರಾಂ ಅದನ್ನು ಮತ್ತೆ ಒಪ್ಪದೇ ಹೋಗಬಹುದು.

ಮಂಡಿಯಲ್ಲಿ ಕೊನೆಗೆ ದಿನದ ವರದಿಗೆ ಲೇಸರ್, ರೈತರ ಚೀಟಿಗೆ ಯುಎಸ್‌ಬಿ ಇರುವ ಹೊಸ ಡಾಟ್ ಮ್ಯಾಟ್ರಿಕ್ಸ್ ಅಂತ ಮಾಡಿದೆವು. ಚೀಟಿ ಎಲ್‌ಪಿಟಿ1ಕ್ಕೆ, ವರದಿ ಎಲ್‌ಪಿಟಿ2ಕ್ಕೆ. ಯಾವುದು ಎಲ್ಲಿಗೆ ಅನ್ನೋದನ್ನು ಪ್ರೋಗ್ರಾಂನ ಸೆಟಪ್‌ನಲ್ಲೇ ಬದಲಿಸೋಕೆ ಆ ಹುಡುಗ ಆಗಲೇ ಜಾಗ ಇಟ್ಟಿದ್ದ. ಸಂಜೆ ಹೊತ್ತಿಗೆ ಪ್ರತಿ ಚೀಟಿ ಆದ ಮೇಲೆ ಒಂದು ಖಾಲಿ ಹಾಳೆ ಬರೋದೊಂದು ಬಾಕಿ ಇತ್ತು. ಪ್ರೋಗ್ರಾಂ ಹಾಳೆಯ ಕೊನೇ ಸಾಲಿನ ತನಕ ಖಾಲಿ ಸಾಲು ಕಳಿಸಿ, ಅದರ ಮೇಲೆ 12ನೇ ನಂಬರನ್ನೂ ಕಳಿಸುತ್ತಿತ್ತು. ಹಾಳೆ ಆಗಲೇ ಮುಗಿದಿರುವಾಗ ಇನ್ನೊಂದು ಸಲ ಹಾಳೆ ಬದಲಿಸು ಅಂದ ಹಾಗಾಯಿತು. ಹಳೇ ಪ್ರಿಂಟರಿನಲ್ಲಿ ಪುಟದ ಉದ್ದವನ್ನು ಯಾರೋ ಪೇಪರಿಗೆ ತಕ್ಕ ಹಾಗೆ ಇಟ್ಟಿದ್ದರು, ಹೊಸದರಲ್ಲಿ ಅದು ಬೇರೆಯಿತ್ತು. ಪ್ರಿಂಟರಿನ ಸೆಟ್ಟಿಂಗ್‌ನಲ್ಲಿ ಉದ್ದ 12 ಇಂಚು ಮಾಡಿದ ಮೇಲೆ ಖಾಲಿ ಹಾಳೆ ನಿಂತಿತು. ಇಷ್ಟೂ ಸೆಟ್ಟಿಂಗ್‌ಗಳನ್ನು ಗುಮಾಸ್ತರು ತಮ್ಮ ಕೈಯಿಂದಲೇ ಒಂದು ರಟ್ಟಿನ ಮೇಲೆ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿಕೊಂಡರು.